ಒಣಗದ ಕುದುರೆಗಳು

ನನ್ನ ಮೂರು ಕುದುರೆಗಳು ಹದಿನೈದು ದಿನವಾದರೂ ಒಣಗಲಿಲ್ಲ. ತಪ್ಪು ಕುದುರೆಗಳದ್ದಲ್ಲ, ಮೇಲೆ ಕೂತ ಸವಾರರದ್ದೂ ಅಲ್ಲ, ನನ್ನದು. ಮೊದಲೇ ಹೇಳಿಬಿಟ್ಟಿದ್ದೇನೆ, ನಗುವುದಿದ್ದರೆ ನಕ್ಕುಬಿಡಿ.

ನವನಗರದಲ್ಲಿ ಮಗಳು ಮನೆ ಕಟ್ಟಿಸಿದಳು. ಪಡಸಾಲೆಯಲ್ಲಿ ಓಡುವ ಏಳು ಕುದುರೆಗಳ ಪಟ ಇದ್ದರೆ ಲಕ್ಷ್ಮಿ ಬರುತ್ತಾಳೆಂದು ಅವಳ ಅತ್ತೆ, ಅಂದರೆ ನನ್ನ ಬೀಗತಿ, ಅಂಗಡಿಯ ಪಟವೊಂದನ್ನು ತಂದಿಟ್ಟರು. ದುಡ್ಡು ಕೊಟ್ಟು ತರುವುದೇಕೆ, ಗೃಹಪ್ರವೇಶಕ್ಕೆ ನಾನೇ ಬರೆದು ತರುತ್ತೇನೆ ಎಂದೆ.

"ಸಹಿ ಮಾಡಾಕ ನಿಮಗ ಐದು ನಿಮಿಷ ಬೇಕ್ರಿ ಅಕ್ಕಾರ. ಕುದರಿ ಯಾವಾಗ ಮುಗಸ್ತೀರಿ?" ಎಂದರು ಬೀಗತಿ.

ಆ ಗೋಡೆಯ ಮೊಳೆ ನನ್ನದಾಗಲೇಬೇಕೆಂದು ಆಗ ಹಟ ಹಿಡಿದೆ.

ಕಮರಿಪೇಟೆಯ ನಮ್ಮ ಓಣಿಯಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ಎಣ್ಣೆಬಣ್ಣ ಕಲಿಸುತ್ತಾರೆ. ಕಲಿಯಲು ಅವರ ಬಳಿ ಹೋದೆ. ನೋಡಿ ಬರೆಯಲು ಅವರಲ್ಲಿದ್ದದ್ದು ರೇಸಿನ ಫೋಟೋ: ಮೂರು ಕುದುರೆ, ಮೂವರು ಸವಾರರು. ಮೂರೇ ಸಾಕು, ಏಳಕ್ಕೆ ಮೇವು ಹಾಕುವವರು ಯಾರು? ಆದರೆ ಸವಾರರು ಜೀನಿನ ಮೇಲೆ ಕೂತಿರಲಿಲ್ಲ, ಕುಂಡೆ ಎತ್ತಿಕೊಂಡು ಬಾಗಿದ್ದರು, ಹೊಟ್ಟೆ ಕೆಟ್ಟವರ ಹಾಗೆ. ಮದುವೆ ಮೆರವಣಿಗೆಯ ಮದುಮಗನಂತೆ ಸರಿಯಾಗಿ ಕೂಡಿಸಿದೆ. ಮಾಸ್ತರರು ಮೂರು ಸಲ ಒರೆಸಿ, ಮೂರು ಸಲ ಎಬ್ಬಿಸಿದರು.

ಬಣ್ಣಕ್ಕೆ ಅಗಸಿ ಎಣ್ಣೆ ಬೆರೆಸಿರಿ ಎಂದಿದ್ದರು. ಎಣ್ಣೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವುದೆಂದರೇನು? ನನ್ನ ಅರ್ಧ ಆಯುಷ್ಯ ನಮ್ಮ ಮನೆಯ ಗಾಣದ ಮುಂದೆ ಕಳೆದಿದೆ. ಒಗ್ಗರಣೆಗೆ ಕುಸುಬಿ, ಎಲ್ಲಕ್ಕೂ ಶೇಂಗಾ. ಅಗಸಿಯನ್ನು ಹುರಿದು ಚಟ್ನಿಪುಡಿ ಮಾಡಿ ರೊಟ್ಟಿಗೆ ಹಚ್ಚಬೇಕು, ಅದರ ಎಣ್ಣೆ ಬಾಗಿಲಿನ ಕಟ್ಟಿಗೆಗೆ ಬಳಿಯಲು ಸರಿ. ದೇವರಂಥ ಕುದುರೆಗೆ ಆ ವಾಸನೆಯ ಎಣ್ಣೆಯೇ? ಯಾರಿಗೂ ಹೇಳದೆ ಹೊಸ ಶೇಂಗಾ ಎಣ್ಣೆ ಬೆರೆಸಿದೆ. ಕುದುರೆಗಳು ಮಿರಮಿರ ಮಿಂಚಿದವು.

ಐದನೆಯ ದಿನ ಮುಟ್ಟಿದರೆ ಬಾಲ ಬೆರಳಿಗೆ ಬಂತು. ಹತ್ತನೆಯ ದಿನ ಇರುವೆ ಬಂದವು. ಕುದುರೆಗಳ ಮೂತಿ ಕೆಳಗಾಗುವಂತೆ ಪಟವನ್ನು ಅಡ್ಡ ನಿಲ್ಲಿಸಿ ಬಿಸಿಲಿಗಿಟ್ಟೆ. ಸಂಜೆ ನೋಡಿದರೆ ಹಿಂದಿದ್ದ ಕುದುರೆಯ ಮೂತಿ ಜಾರಿ ಮುಂದಿನದನ್ನು ದಾಟಿತ್ತು. ಮಾಸ್ತರರು ಮೂಸಿ ನೋಡಿದರು.

"ಅವ್ವಾರ, ಇದು ಶೇಂಗಾ ಎಣ್ಣಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಒಣಗೂದಿಲ್ಲ. ಅಗಸಿ ಎಣ್ಣಿ ಗಾಳಿಗೆ ಗಟ್ಟಿ ಆಗತೈತಿ, ಶೇಂಗಾ ಆಗೂದಿಲ್ಲ."

ಅದು ನನಗೆ ಗೊತ್ತಿತ್ತು. ಅಗಸಿ ಎಣ್ಣೆಯ ಡಬ್ಬಿಯ ಬಾಯಿಗೆ ಚರ್ಮದಂತೆ ಕಟ್ಟುತ್ತಿದ್ದ ಪದರವನ್ನು ವರ್ಷಗಟ್ಟಲೆ ಚಾಕುವಿನಿಂದ ಕೆರೆದವಳು ನಾನೇ. ಕೆರೆದೆನೇ ಹೊರತು ಅದೇಕೆ ಕಟ್ಟುತ್ತದೆಂದು ಒಮ್ಮೆಯೂ ಯೋಚಿಸಲಿಲ್ಲ.

ಗೃಹಪ್ರವೇಶಕ್ಕೆ ಹಸಿ ಪಟವನ್ನೇ ಒಯ್ದೆ. ಬೀಗತಿ ಬಂದವರೇ ಸವಾರನ ಟೊಪ್ಪಿಗೆಯನ್ನು ಮುಟ್ಟಿದರು. ಬೆರಳು ಕೆಂಪಾಯಿತು. ಇಪ್ಪತ್ತು ಜನ ನೋಡುತ್ತಿದ್ದರು.

"ತಪ್ಪು ನಂದರಿ. ಶೇಂಗಾ ಎಣ್ಣಿ ಹಾಕೇನಿ," ಎಂದೆ.

ಬೀಗತಿ ನಗಲಿಲ್ಲ. ಬೆರಳು ಮೂಸಿ, ಒರೆಸಿಕೊಂಡು, ತಾವು ಅಂಗಡಿಯಿಂದ ತಂದ ಪಟವನ್ನು ಕಪಾಟಿನ ಹಿಂದೆ ಸರಿಸಿದರು. "ಮೊಳಿ ಖಾಲಿ ಇರಲಿ. ಅಗಸಿ ಎಣ್ಣಿ ನಾ ತರಸ್ತೇನಿ. ಆದ್ರ ಏಳು ಕುದರಿ ಬರೀರಿ."

"ಮೂರು," ಎಂದೆ. "ಮ್ಯಾಲೆ ಕುಂತು ಲಗಾಮ ಹಿಡಿಯೋರು ಇಲ್ಲದ ನಿಮ್ಮ ಏಳು ಬಾಗಲಾ ದಾಟಿ ಓಡಿದ್ರ ಏನ ಮಾಡ್ತೀರಿ?"

ಐದಕ್ಕೆ ಒಪ್ಪಂದವಾಗಿದೆ, ಸವಾರರ ಸಮೇತ. ಅಗಸಿ ಎಣ್ಣೆಯ ಬಾಟಲಿ ಬಂದಿದೆ. ಅದರ ಬಾಯಿಗೆ ಆಗಲೇ ಪದರ ಕಟ್ಟಿದೆ. ಈ ಸಲ ಕೆರೆದಿಲ್ಲ. ದಿನಾ ಬೆಳಿಗ್ಗೆ ಅದನ್ನೊಮ್ಮೆ ಮುಟ್ಟಿ ನೋಡಿ ಕುಂಚ ಹಿಡಿಯುತ್ತೇನೆ.