ಎದೆಮಾಂಸಕ್ಕೆ ನಾಲ್ಕು ತಾಸು ವಿಶ್ರಾಂತಿ

ಅಮ್ಮನಿಗೆ ಎಪ್ಪತ್ತು ತುಂಬಿದ ಭಾನುವಾರ ಹೊನ್ನಾವರದ ನಮ್ಮ ಮನೆಗೆ ಎಲ್ಲರಿಗಿಂತ ಮೊದಲು ಬಂದದ್ದು ಒಂದು ಮೀನಿನ ಪೆಟ್ಟಿಗೆ. ಭಟ್ಕಳದ ನನ್ನ ಗೆಳೆಯ ಅದನ್ನು ಕಾರಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ ತಂದಿದ್ದ. ಇಪ್ಪತ್ತು ವರ್ಷ ದುಬೈ ಹೋಟೆಲಿನಲ್ಲಿ ಅಡುಗೆ ಮಾಡಿ ಊರಿಗೆ ಮರಳಿದವನು ಹಿತ್ತಲಲ್ಲಿ ಎಣ್ಣೆ ಡ್ರಮ್ಮು ಕೊರೆದು ಹೊಗೆಯ ಒಲೆ ಮಾಡಿಕೊಂಡಿದ್ದ. ಹಿಂದಿನ ಸಂಜೆಯಿಂದ ಗೇರು ಕಟ್ಟಿಗೆಯ ಹೊಗೆಯಲ್ಲಿ ಬೆಂದ ಕೋಣದ ಎದೆಮಾಂಸ (ಅವನ ಬಾಯಲ್ಲಿ ಬ್ರಿಸ್ಕೆಟ್) ಕಾಗದ, ಟವೆಲು, ಕಂಬಳಿ ಸುತ್ತಿಕೊಂಡು ಥರ್ಮಾಕೋಲಿನೊಳಗೆ ಮಲಗಿತ್ತು. ಮುಚ್ಚಳದ ಸಂದಿಯಿಂದ ಹೊರಬಂದ ತಂತಿಗೊಂದು ಪುಟ್ಟ ಥರ್ಮಾಮೀಟರ್.

ನಮ್ಮೊಡನೆ ಕೊಂಕಣಿ ಮಾತಾಡುವ ಅಮ್ಮ ಅವನೊಡನೆ ಮಾತ್ರ ಕನ್ನಡ. "ಎಂತ ತಂದ್ಯೋ?" ಎನ್ನುತ್ತ ಮುಚ್ಚಳಕ್ಕೆ ಕೈಹಾಕಿದಳು. ಅವನು ತಡೆದ.

"ಅದಕ್ಕೆ ರೆಸ್ಟ್ ಬೇಕು ಅಮ್ಮ. ರಾತ್ರಿಯಿಡೀ ಹೊಗೆ ತಿಂದದೆ. ಒಂದೂವರೆ ತನಕ ಯಾರೂ ಮುಟ್ಟೂದು ಬೇಡ."

ಈಗಲೇ ಕೊಯ್ದರೆ ರಸವೆಲ್ಲ ಮಣೆಗೆ ಹರಿದುಹೋಗುತ್ತದೆ, ಬೆಚ್ಚಗೆ ಬಿಟ್ಟರೆ ಮಾಂಸವೇ ಅದನ್ನು ಕುಡಿದು ಮೆತ್ತಗಾಗುತ್ತದೆ ಎಂದು ವಿವರಿಸಿದ. ಆಮೇಲೆ ಪೆಟ್ಟಿಗೆಯನ್ನು ಜಗುಲಿಯ ದಿವಾನದ ಮೇಲೆ ಮಲಗಿಸಿ, ಫ್ಯಾನು ಆರಿಸಿದ.

ಅಮ್ಮ ಗಡಿಯಾರ ನೋಡಿದಳು. ಒಂಬತ್ತೂವರೆ.

"ನಾನು ಐದು ಗಂಟೆಗೆ ಎದ್ದವಳು," ಎಂದಳು. ಕೈ ಒರೆಸಿಕೊಂಡು ಒಳಗಿನಿಂದ ಹೊದಿಕೆ ತಂದಳು. ದಿವಾನದ ಇನ್ನೊಂದು ತುದಿಯಲ್ಲಿ ಮಲಗಿ ಕುತ್ತಿಗೆಯವರೆಗೆ ಎಳೆದುಕೊಂಡಳು. "ನಂಗೂ ಒಂದೂವರೆ ತನಕ."

ತಮಾಷೆ ಎಂದುಕೊಂಡೆ. ಅಡುಗೆಮನೆಯಲ್ಲಿ ಇಡ್ಲಿಯಂಥ ಸನ್ನದ ಹಿಟ್ಟು ಉಬ್ಬಿ ಪಾತ್ರೆಯಿಂದ ಇಳಿಯತೊಡಗಿದರೂ ಅಮ್ಮ ಏಳಲಿಲ್ಲ. ಹನ್ನೊಂದಕ್ಕೆ ಕುಮಟಾದಿಂದ ತಂಗಿಯೂ ಅವಳ ಗಂಡ, ನನ್ನ ಭಾವನೂ ಕೇಕು ಹಿಡಿದು ಬಂದು ಆಶೀರ್ವಾದ ಬೇಡಿದರು. ಅಮ್ಮ ಕಣ್ಣು ತೆರೆಯದೆ ಹೊದಿಕೆಯಿಂದ ಒಂದು ಕೈ ಹೊರಗೆ ಚಾಚಿ ಆಶೀರ್ವದಿಸಿ, ಕೈಯನ್ನು ಒಳಗೆಳೆದುಕೊಂಡಳು. ಹುಷಾರಿಲ್ಲವಾ ಎಂದು ತಂಗಿ ಗಾಬರಿಯಾದಳು. ಮಾಂಸಕ್ಕೆ ವಿಶ್ರಾಂತಿ, ಜೊತೆಗೆ ಅಮ್ಮನಿಗೂ ಎಂದೆ. ವಾರಕ್ಕೆ ಆರು ದಿನ ಶಾಲೆಯಲ್ಲಿ ಕೂಗಿ ಪಾಠ ಹೇಳಿ ಬರುವ ತಂಗಿ ಒಮ್ಮೆ ಪೆಟ್ಟಿಗೆ ನೋಡಿದಳು, ಒಮ್ಮೆ ಅಮ್ಮನನ್ನು ನೋಡಿದಳು. ಬ್ಯಾಗು ಕೆಳಗಿಟ್ಟು, ಚಾಪೆ ಹಾಸಿ ಅವಳೂ ಮಲಗಿದಳು.

ಅಡುಗೆಮನೆಗೆ ಉಳಿದವರು ನಾವು ಮೂವರು ಗಂಡಸರು. ಐನೂರು ಜನರ ಬಿರಿಯಾನಿ ಇಳಿಸಿದ್ದ ಗೆಳೆಯ ನಮ್ಮ ಕುಚ್ಚಲಕ್ಕಿಯ ಎದುರು ಸೋತ. ಐದು ನಿಮಿಷಕ್ಕೊಮ್ಮೆ ಬೆಂತಾ ಎಂದು ನನ್ನನ್ನೇ ಕೇಳುತ್ತಿದ್ದ. ಬ್ಯಾಂಕ್ ಮ್ಯಾನೇಜರನಾದ ಭಾವ ಜೀವನದಲ್ಲಿ ಮೊದಲ ಸಲ ತುರಿಮಣೆ ಹತ್ತಿ ಮೂರು ಕಾಯಿ ಮುಗಿಸಿದ. ನನ್ನ ಸನ್ನಗಳು ಗೋಡೆಗೆ ಎಸೆದರೆ ಅಂಟುವಂತಿದ್ದವು.

ನಡುನಡುವೆ ಗೆಳೆಯ ತುದಿಗಾಲಲ್ಲಿ ಹೋಗಿ ಥರ್ಮಾಮೀಟರ್ ನೋಡಿ ಬರುತ್ತಿದ್ದ. ಒಮ್ಮೆ ಅಮ್ಮ ಮಲಗಿದ್ದಲ್ಲಿಂದಲೇ ಕೇಳಿದಳು: "ನಂದು ಎಷ್ಟದೆ?"

"ಇನ್ನೂ ಬಿಸಿ ಅದೆ ಅಮ್ಮ. ಮಲಗಿ," ಎಂದ ಅವನು. ಅವನ ಮುಖದಲ್ಲಿ ನಗುವಿರಲಿಲ್ಲ.

ಒಂದೂವರೆಗೆ ಪೆಟ್ಟಿಗೆ ತೆರೆದ. ಮಾಂಸ ಮುಟ್ಟಲಾಗದಷ್ಟು ಬಿಸಿಯಿತ್ತು. ಕೊಯ್ದ ಹೋಳು ಚೂರಿಯ ಮೇಲೆ ಬಟ್ಟೆಯಂತೆ ಬಾಗಿತು. ರಸ ಹೋಳಿನೊಳಗೇ ಮಿನುಗುತ್ತಿತ್ತು. ಅಮ್ಮ ನಾಲ್ಕು ಹೋಳು ತಿಂದಳು. ಗಂಜಿಯಾಗಿದ್ದ ಅನ್ನವನ್ನೂ ಚೆನ್ನಾಗಾಗಿದೆ ಎಂದಳು. ಭಾವನಿಗೆ ಕೇಕು ಕೊಡಲು ಹೋದರೆ ಅವನು ಖಾಲಿಯಾದ ದಿವಾನದ ಮೇಲೆ ಗೊರಕೆ ಹೊಡೆಯುತ್ತಿದ್ದ. ಯಾರೂ ಎಬ್ಬಿಸಕೂಡದು ಎಂದು ಅಮ್ಮ ಅಪ್ಪಣೆ ಮಾಡಿದಳು. ಸಂಜೆ ಕುಮಟಾಕ್ಕೆ ಕಾರು ಓಡಿಸಿದ್ದು ತಂಗಿ.