ನೀರು ಬಿಟ್ಟ ಎರಡು ದಿನ

...ಅಥವಾ ಹನ್ನೆರಡು ಗಿಡಗಳಿದ್ದವೇನೋ. ಎಂಟು ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ, ಆದರೆ ಆ ಪಾತಿಯನ್ನು ಕಣ್ಣೆದುರು ತಂದುಕೊಂಡಾಗಲೆಲ್ಲ ಲೆಕ್ಕ ಬದಲಾಗುತ್ತದೆ. ಹೂವಿನ ಬಗ್ಗೆಯೂ ಅನುಮಾನ. ತುದಿಯಲ್ಲಿ ಕೆಂಪು, ಬುಡದಲ್ಲಿ ಹಳದಿ, ನೆಟ್ಟಗೆ ನಿಂತ ತೆನೆ: ಇದು ನಾನು ಕಂಡದ್ದೋ, ನರ್ಸರಿಯವರು ಚೀಲಕ್ಕೆ ಸಿಕ್ಕಿಸಿದ್ದ ಚೀಟಿಯ ಮೇಲಿನ ಚಿತ್ರವೋ? ಚಿತ್ರದ ಹೂವಿನ ಮೇಲೆ ಧೂಳಿರಲಿಲ್ಲ. ನನ್ನ ನೆನಪಿನ ಹೂವಿನ ಮೇಲೆ ಧೂಳಿದೆ. ಆ ಧೂಳನ್ನೇ ಸಾಕ್ಷಿ ಎಂದುಕೊಂಡು ಸುಮ್ಮನಾಗುತ್ತೇನೆ.

ಹೊಸೂರು ರಸ್ತೆಯ ಮೇಲೆ ಫ್ಲೈಓವರ್ ಕಟ್ಟುತ್ತಿದ್ದ ವರ್ಷಗಳವು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯ ಕಚೇರಿಯಲ್ಲಿ ನನ್ನ ಕೆಲಸ. ಅಲ್ಲಿ ವಿದ್ಯುತ್ ಪ್ಯಾನೆಲ್‌ಗಳು ತಯಾರಾಗುತ್ತಿದ್ದವು. ಮನೆ ಸಿಂಗಸಂದ್ರದಲ್ಲಿ. ದೂರವೇನಲ್ಲ, ಆದರೂ ಕಂಪನಿ ಬಸ್ಸಿನಲ್ಲಿ ಹೋಗುವಾಗ ಒಂದು ನಿದ್ದೆ, ಬರುವಾಗ ಒಂದು ನಿದ್ದೆ ಮುಗಿಯುತ್ತಿತ್ತು. ಆ ನಿದ್ದೆಗಳಿಂದ ಆಯಾಸ ಮಾತ್ರ ಕಡಿಮೆಯಾಗುತ್ತಿರಲಿಲ್ಲ. ಅಂಗಳದ ಗಿಡಗಳ ಉಸ್ತುವಾರಿಯನ್ನು ನನಗೆ ವಹಿಸಿದ್ದು ನಾನು ಹೆಂಗಸು ಎಂಬ ಒಂದೇ ಕಾರಣಕ್ಕೆ. ಮನೆಯಲ್ಲಿ ನನಗಿದ್ದದ್ದು ಒಂದು ತುಳಸಿ, ಅದೂ ಕಡ್ಡಿಯಾಗಿತ್ತು.

ಹೊರದೇಶದ ಗಿರಾಕಿಗಳು ಬರುವವರಿದ್ದರು. ಗೇಟಿನಿಂದ ಕ್ಯಾಂಟೀನಿನವರೆಗಿನ ಬೋಳು ನೆಲದಲ್ಲಿ ಏನಾದರೂ ಕೆಂಪಗೆ ಕಾಣಬೇಕೆಂದು ಮ್ಯಾನೇಜರ್ ಹೇಳಿದರು. ನರ್ಸರಿಯವನು ರೆಡ್ ಹಾಟ್ ಪೋಕರ್ ಎಂಬ ಹೂವಿನ ಗಿಡ ಕೊಟ್ಟ. ಕುಳ್ಳ ತಳಿ, ಮೊಣಕಾಲು ದಾಟುವುದಿಲ್ಲ, ಪೂರ್ತಿ ಬಿಸಿಲು ಬೇಕು, ಒಮ್ಮೆ ಹಿಡಿದುಕೊಂಡರೆ ವರ್ಷ ವರ್ಷವೂ ಹೂ ಎಂದ. ಬಿಸಿಲಿಗೆ ನಮ್ಮಲ್ಲಿ ಬರವಿರಲಿಲ್ಲ. ನೆರಳು ಕೊಡುವ ಒಂದು ಮರವನ್ನೂ ಉಳಿಸಿರಲಿಲ್ಲ.

ನೆಟ್ಟ ದಿನ ಗೇಟಿನ ಸೆಕ್ಯೂರಿಟಿಯವನು ಬಂದು ನೋಡಿದ. ಪಕ್ಕದ ಊರಿನವನೇ, ವಯಸ್ಸಾದವನು.

"ಏನ್ ಮೇಡಂ, ಬೆಳ್ಳುಳ್ಳಿ ಆಕ್ಸಿದ್ದೀರಾ?"

"ಹೂವಿನ ಗಿಡ ಅಣ್ಣ."

"ಇದ್ರಲ್ಲಿ ಊವಾ? ಇಂಗೇ ಕ್ಯಾಂಟೀನ್‌ನೋರಿಗೆ ಏಳ್ಬೇಡಿ, ಕಿತ್ಕೊಂಡೋಗಿ ಒಗ್ಗರಣೆ ಆಕ್ಬಿಡ್ತಾರೆ."

ನೆಡುತ್ತಿದ್ದವಳು ತಲೆ ಎತ್ತದೆ ನಕ್ಕಳು. ಕೊಪ್ಪಳದ ಕಡೆಯವಳು, ಚಂದಾಪುರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಗಂಡ, ಮಗಳ ಜೊತೆ ಇದ್ದಳು. ಮೂರು ವರ್ಷ ಕಟ್ಟಡಗಳ ಮೇಲೆ ಕಾಂಕ್ರೀಟ್ ಪುಟ್ಟಿ ಹೊತ್ತು ಬೆನ್ನು ಹೋಗಿತ್ತು. ಕಂಟ್ರಾಕ್ಟರ್ ಅವಳನ್ನು ನಮ್ಮಲ್ಲಿಗೆ ತೋಟದ ಕೆಲಸಕ್ಕೆ ಹಾಕಿದ್ದ. "ಇಲ್ಲಿ ಕುಂತ ಕೆಲಸ ಮಾಡಬಹುದ್ರೀ ಅಕ್ಕಾರ," ಎಂದು ಮೊದಲ ವಾರವೇ ಹೇಳಿದ್ದಳು. "ಇದೊಂದು ಹೋದ್ರ ಮತ್ತ ಪುಟ್ಟೀನ. ಈ ಬೆನ್ನೀಲೆ ಆಗೂದಿಲ್ಲ." ಅವಳು ಸದಾ ಕುಕ್ಕರುಗಾಲಿನಲ್ಲೇ ಪಾತಿಯಿಂದ ಪಾತಿಗೆ ಸರಿಯುತ್ತಿದ್ದಳು. ಎದ್ದು ನಿಲ್ಲಬೇಕಾದರೆ ಒಂದು ಕೈ ನೆಲದ ಮೇಲೆ, ಒಂದು ಕೈ ಸೊಂಟದ ಮೇಲೆ.

ಕಂಟ್ರಾಕ್ಟರನ ನಿಯಮ ಒಂದೇ: ಎಲ್ಲ ಪಾತಿಗೂ ದಿನವೂ ನೀರು, ದಿನವೂ ಪುಸ್ತಕದಲ್ಲಿ ದಾಖಲೆ. ಶೌಚಾಲಯಗಳ ನೀರನ್ನು ಶುದ್ಧ ಮಾಡಿ ತುಂಬುವ ಒಂದು ಟ್ಯಾಂಕ್ ಕಟ್ಟಡದ ಹಿಂಭಾಗದಲ್ಲಿ ಇತ್ತು. ಗಿಡಕ್ಕೆ ಬೇಕೋ ಬೇಡವೋ, ಅದು ಖಾಲಿಯಾಗಬೇಕಿತ್ತು. ಅವಳಿಗೆ ಬರೆಯಲು ಬಾರದು. ಸಂಜೆ ಅವಳು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ.

ಎರಡನೆಯ ವಾರವೋ ಮೂರನೆಯ ವಾರವೋ, ಅವಳು ಪಾತಿಯ ಮಣ್ಣಿನೊಳಗೆ ಬೆರಳು ತೂರಿಸಿ, ಮೂಸಿ, ನನಗೂ ಮೂಸಲು ಹಿಡಿದಳು.

"ಇದಕ್ಕ ದಿನಾ ನೀರು ಬ್ಯಾಡ್ರೀ ಅಕ್ಕಾರ. ಮಣ್ಣು ಬಿಗಿ ಐತಿ, ನೀರು ಕೆಳಗ ಇಳೀವಲ್ದು. ಬೇರು ಉಸುರು ಕಟ್ಟತೈತಿ."

"ಪುಸ್ತಕದಲ್ಲಿ ಏನ್ ಬರೀಲಿ?"

"ನೀವು ಕಲ್ತಾವ್ರು. ಏನರ ಬರೀರಿ."

ಹೊರಗೆ ಕಟ್ಟುತ್ತಿದ್ದ ಗೋಡೆಯ ಬಳಿಯಿಂದ ಸಣ್ಣ ಜಲ್ಲಿ, ಮರಳು ತಂದು ಗಿಡಗಳ ಬುಡಕ್ಕೆ ಬೆರೆಸಿದಳು. ಮಣ್ಣು ಒಣಗಿದ ಮೇಲಷ್ಟೇ ನೀರು, ನಾಲ್ಕು ದಿನಕ್ಕೊಮ್ಮೆ, ಐದು ದಿನಕ್ಕೊಮ್ಮೆ. ನಾನು ದಿನವೂ 'ಆಗಿದೆ' ಎಂದು ಬರೆದೆ. ಇದು ನಾವಿಬ್ಬರೂ ಸೇರಿ ಹೇಳಿದ ಸುಳ್ಳು, ಮತ್ತು ಗಿಡಗಳು ಅದರಿಂದ ಚೇತರಿಸಿಕೊಂಡವು. ಒಂದು ಬೆಳಿಗ್ಗೆ ಎಲೆಗಳ ನಡುವೆ ತೆನೆ ಕಂಡಿತು. ಅವಳು ಜೋಳದ ತೆನೆ ಎಂದಳು, ಸೆಕ್ಯೂರಿಟಿಯವನು ಐಸ್ ಕ್ಯಾಂಡಿ ಎಂದ. ಸೂರಕ್ಕಿಯೊಂದು ಬಂದು ಕೊಕ್ಕು ಇಳಿಸುತ್ತಿತ್ತು. ಸೂರಕ್ಕಿ ನಿಜ. ಅದು ಚೀಟಿಯ ಮೇಲೆ ಇರಲಿಲ್ಲ.

ಆಮೇಲಿನ ಶನಿವಾರ ನನಗೆ ರಜೆ, ಅವಳಿಗೂ ರಜೆ. ಮಧ್ಯಾಹ್ನ ಮಲಗಿದ್ದಾಗ ಸೆಕ್ಯೂರಿಟಿಯವನ ಫೋನು.

"ಮೇಡಂ, ಟ್ಯಾಂಕ್ ತುಂಬಿ ಅರೀತೈತೆ. ನೀರು ಎತ್ಲಾಗ್ ಬಿಡ್ಲಿ?"

"ಎಲ್ಲಾದ್ರೂ ಬಿಡಣ್ಣ."

ಈ ಎರಡು ಪದಗಳು ನೆನಪಿವೆ. ಉಳಿದೆಲ್ಲವನ್ನೂ ಮಸುಕು ಮಾಡಿದ ನೆನಪು ಇವನ್ನು ಮಾತ್ರ ಯಾಕೆ ಇಷ್ಟು ಸ್ಪಷ್ಟವಾಗಿ ಇಟ್ಟುಕೊಂಡಿದೆಯೋ. ಅವನು ಗೇಟಿಗೆ ಹತ್ತಿರವಿದ್ದ ಅದೇ ಪಾತಿಗೆ ಪೈಪು ಹಾಕಿ ಭಾನುವಾರ ಸಂಜೆಯವರೆಗೂ ಬಿಟ್ಟಿದ್ದ. ಸೋಮವಾರ ಪಾತಿ ಗದ್ದೆಯಾಗಿತ್ತು.

"ಎರಡ ದಿನ ನೀರು ಬಿಟ್ಟಾರ್ರೀ ಅಕ್ಕಾರ," ಎಂದಳು. ಯಾರು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಸಂಜೆ ಪುಸ್ತಕದಲ್ಲಿ ಬರೆದೆ: 'ಗೇಟಿನ ಪಾತಿ. ಎರಡು ದಿನ ನೀರು ಬಿಟ್ಟಿದ್ದಾರೆ.'

ಹತ್ತು ದಿನದಲ್ಲಿ ಎಲೆಗಳು ಜೋತುಬಿದ್ದು ಹಳದಿಯಾದವು. ಮ್ಯಾನೇಜರ್ ಕಂಟ್ರಾಕ್ಟರನಿಗೆ ಫೋನು ಮಾಡಿದರು. ಕಂಟ್ರಾಕ್ಟರ್ ಸೂಪರ್‌ವೈಸರನನ್ನು ಕಳಿಸಿದ. ಬೈಕಿನ ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡೇ ಅವನು ಪುಸ್ತಕದ ಹಾಳೆ ತಿರುವಿದ, ಒಂದು ಸಾಲಿನ ಮೇಲೆ ಬೆರಳಿಟ್ಟ.

"ಏನಮ್ಮಾ ಇದು? ಎರಡು ದಿನ ನೀರು ಬಿಟ್ಟಿದೀಯ. ಈ ಬಿಸಿಲಲ್ಲಿ ಒಣಗ್ದೆ ಇನ್ನೇನಾಗುತ್ತೆ? ಮೇಡಮ್ಮೇ ಬರ್ದಿದಾರೆ ನೋಡು."

ಊಟ ಬಿಟ್ಟ, ಶಾಲೆ ಬಿಟ್ಟ ಎನ್ನುವಂತೆ ಅವನು ಅದನ್ನು ಓದಿದ್ದ. ನಲ್ಲಿಯಲ್ಲಿ ನೀರು ಬಿಟ್ಟರು ಎನ್ನುವಂತೆ ನಾನು ಬರೆದಿದ್ದೆ. ಸುರಿಯುವುದಕ್ಕೂ ನಿಲ್ಲಿಸುವುದಕ್ಕೂ ನಮ್ಮ ಭಾಷೆಯಲ್ಲಿ ಅದೇ ಬಿಡುವುದು. ಗಿಡ ಹೂ ಬಿಡುವುದೂ ಅದೇ.

ಅವಳು ನೆಲಕ್ಕೆ ಕೈಯೂರಿ ಬಗ್ಗಿ ಒಂದು ಗಿಡವನ್ನು ಕಿತ್ತಳು. ಅದು ಸಲೀಸಾಗಿ ಬಂತು, ಬುಡವೇ ಇಲ್ಲದ ಹಾಗೆ. ಕಂದು ಲೋಳೆಯಾಗಿದ್ದ ಕೆಳಭಾಗವನ್ನು ಅವನ ಮೂಗಿನ ಹತ್ತಿರ ಹಿಡಿದಳು.

"ಒಣಗಿದ ಗಿಡ ಹಿಂಗ ನಾರತೈತೇನ್ರೀ ಸರ? ಕೊಳತೈತ್ರೀ ಇದು. ನೀರು ಹೆಚ್ಚಾಗಿ ಕೊಳತೈತಿ. ಅಕ್ಕಾರನ್ನ ಕೇಳ್ರಿ."

ಇಬ್ಬರೂ ನನ್ನ ಕಡೆ ನೋಡಿದರು.

ಇಲ್ಲಿಂದ ಮುಂದೆ ನನ್ನ ಹತ್ತಿರ ಹಲವು ಪಾಠಾಂತರಗಳಿವೆ. ಒಂದರಲ್ಲಿ ನಾನು ಹೇಳುತ್ತೇನೆ: ಬಿಟ್ಟಿದ್ದಾರೆ ಅಂದರೆ ಹಾಕಿದ್ದಾರೆ ಎಂದರ್ಥ, ಹಾಕಿಸಿದ್ದು ನಾನು. ಇದು ವರ್ಷಗಳ ನಂತರ ನಾನೇ ಸೇರಿಸಿದ ಪಾಠ ಎಂಬುದು ನನಗೆ ಹೆಚ್ಚುಕಡಿಮೆ ಖಚಿತ. ಅದರಲ್ಲಿ ನನ್ನ ಧ್ವನಿ ತುಂಬ ಚೆನ್ನಾಗಿದೆ. ಇನ್ನೊಂದರಲ್ಲಿ, "ಸ್ವಲ್ಪ ಹೆಚ್ಚುಕಡಿಮೆ ಆಗಿರಬಹುದು," ಎನ್ನುತ್ತೇನೆ, ಯಾರಿಗೂ ಯಾವ ಉಪಯೋಗಕ್ಕೂ ಬಾರದ ಮಾತು. ಮೂರನೆಯದರಲ್ಲಿ ಕಂಪನಿ ಬಸ್ಸು ಹಾರ್ನ್ ಮಾಡುತ್ತದೆ, ನಾನು ಚೀಲ ಎತ್ತಿಕೊಳ್ಳುತ್ತೇನೆ, ನಾಳೆ ಹೇಳೋಣ ಎಂದುಕೊಳ್ಳುತ್ತೇನೆ. ಅಂದು ನನಗೆ ಬಹಳ ಸುಸ್ತಾಗಿತ್ತು. ಅಂದು ಎಂದಲ್ಲ, ಎಲ್ಲ ದಿನವೂ.

ಮರುದಿನ ಬೇರೆ ಹೆಂಗಸು ಬಂದಿದ್ದಳು. ಪೈಪು ಎಲ್ಲಿದೆ ಎಂದು ಕೇಳಿದಳು.

ನಾನು ಸೂಪರ್‌ವೈಸರನಿಗೆ ಫೋನು ಮಾಡಿದೆ. "ಬೇರೆ ಸೈಟಿಗೆ ಹಾಕಿದೀವಿ ಮೇಡಂ, ನೀವ್ ತಲೆ ಕೆಡಿಸ್ಕೋಬೇಡಿ," ಎಂದ. ಸೈಟು ಎಂದರೆ ಇನ್ನೊಂದು ಕಂಪನಿಯ ತೋಟವೂ ಆಗಬಹುದು, ಕಾಂಕ್ರೀಟ್ ಹೊರುವ ಕಟ್ಟಡವೂ ಆಗಬಹುದು. ಯಾವುದು ಎಂದು ಕೇಳಲು ಇನ್ನೊಂದು ವಾಕ್ಯ ಸಾಕಿತ್ತು. ನಾನು ಸರಿ ಎಂದು ಫೋನು ಇಟ್ಟೆ. ಗಿರಾಕಿಗಳು ಬರುವ ಮುಂಚೆ ಆ ಪಾತಿಯ ಮೇಲೆ ಸಿಮೆಂಟ್ ಇಟ್ಟಿಗೆ ಹಾಸಿದರು.

ಈಗ ಕುಳಿತು ಆ ಸಾಲನ್ನು ಮತ್ತೆ ಬರೆದು ನೋಡುತ್ತೇನೆ. ಪಾತಿಯನ್ನು ಹೆಸರಿಸಿದ್ದೆ, ದಿನಗಳನ್ನು ಎಣಿಸಿದ್ದೆ. ಬಿಟ್ಟವರು ಯಾರು, ಬಿಡಲು ಹೇಳಿದವರು ಯಾರು ಎಂಬುದನ್ನು ಮಾತ್ರ ಬರೆದಿರಲಿಲ್ಲ. ಅದು ಸಂಜೆಯ ಅವಸರವೋ, ಅಥವಾ ಬರೆಯುವಾಗಲೇ ನನ್ನನ್ನು ನಾನು ಹೊರಗಿಟ್ಟುಕೊಂಡೆನೋ, ನನಗೆ ಗೊತ್ತಿಲ್ಲ. ಅವಳು ಮತ್ತೆ ಪುಟ್ಟಿ ಹೊತ್ತಳೋ ಇಲ್ಲವೋ, ಅದೂ ಗೊತ್ತಿಲ್ಲ.