ಮಾವ ಬಿಚ್ಚಲು ಹೊರಟ ‘ಟವೆಲ್’

ನೋಡಲು ನನ್ನನ್ನು ಒಳಗೆ ಬಿಟ್ಟಾಗ ಮಾವ ತಲೆಯ ಬ್ಯಾಂಡೇಜ್ ಬಿಚ್ಚುತ್ತಿದ್ದರು. ಒಂದು ಸುತ್ತು ಆಗಲೇ ಭುಜದ ಮೇಲೆ ಬಿದ್ದಿತ್ತು. ಮಿದುಳಿನ ಗೆಡ್ಡೆ ತೆಗೆದು, ತುಮಕೂರಿನ ಆಸ್ಪತ್ರೆಯ ಐಸಿಯುಗೆ ಅವರನ್ನು ತಂದು ಮೂರು ಗಂಟೆಯಷ್ಟೇ ಆಗಿತ್ತು. ಗಾಯದ ರಕ್ತ ಹೊರಹೋಗಲು ಇಟ್ಟಿದ್ದ ಟ್ಯೂಬು ಆ ಬಟ್ಟೆಯೊಳಗೇ ಇತ್ತು. ಓಡಿಹೋಗಿ ಕೈ ಹಿಡಿದೆ.

“ಬುಡಮ್ಮ, ಟವೆಲ್ ಬಿಗಿಯಾಗೈತೆ. ಬಿಚ್ಚಿ ಸುತ್ಕೋತೀನಿ,” ಅಂದರು. ನಮ್ಮೂರು ಸಿ.ಎಸ್. ಪುರದ ತೋಟದಲ್ಲಿ ದಿನವಿಡೀ ತಲೆಗೆ ಟವೆಲ್ ಸುತ್ತಿಕೊಂಡೇ ಇರುವವರು.

“ಮಾವ, ಅದು ಟವೆಲ್ಲಲ್ಲ! ನಿಮಗೆ ಆಪರೇಷನ್ ಆಗಿದೆ.”

“ಏನ್ ಆಪರೇಷನ್ನೋ! ಒಂಚೂರೂ ನೋಯ್ತಿಲ್ವಲ್ಲ,” ಎಂದು ಕೈ ಕೊಸರಿದರು.

ನರ್ಸ್ ಬಂದು, ಟ್ಯೂಬು ಜರುಗಿಲ್ಲವೆಂದು ನೋಡಿ ಮತ್ತೆ ಸುತ್ತಿದರು. ಆಪರೇಷನ್ ವೇಳೆ ಹಣೆ, ನೆತ್ತಿಯ ನರಗಳಿಗೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದ್ದಾರೆ, ಇನ್ನೂ ಕೆಲವು ಗಂಟೆ ನೋವು ಗೊತ್ತಾಗುವುದಿಲ್ಲ ಎಂದರು. “ಗಾಯ ಇರೋದೇ ಮರ್ತೋಗಿದೆ ಅವ್ರಿಗೆ. ನೀವು ಇಲ್ಲೇ ಕೂತು ಕೈ ಹಿಡ್ಕೊಂಡಿರಿ.”

ಅವರಿಗೆ ನೋವಾಗದಿದ್ದರೆ ಸಾಕು ಎಂದು ಬೆಳಗಿನಿಂದ ಬೇಡಿಕೊಂಡವಳು ನಾನೇ. ಆದರೆ ನೋವಿಲ್ಲದ್ದಕ್ಕೇ ಅವರ ಕೈ ಬ್ಯಾಂಡೇಜಿನ ಎರಡನೇ ಸುತ್ತಿಗೆ ಹೋದದ್ದು ಈಗಲೂ ಕಣ್ಣ ಮುಂದೆ ಬರುತ್ತದೆ. ಸಂಜೆ “ಯಾಕೋ ಸಣ್ಣಗೆ ನೋಯ್ತಾ ಐತೆ ಕಣಮ್ಮ” ಎಂದು ಅವರು ಹೇಳಿದ ಮೇಲೆಯೇ ನಾನು ಕೈ ಬಿಟ್ಟದ್ದು.